ನಾನು ಬರೆದ ‘ಬ್ರೇಕ್ ಚೆಕ್’

ಸಂಡೂರಿನ ಗುಡ್ಡದ ಮೇಲೆ ಅದಿರು ಸಾಗಿಸುವ ಟಿಪ್ಪರ್‌ಗಳ ವರ್ಕ್‌ಶಾಪೊಂದರಲ್ಲಿ ನಾನು ಗುಮಾಸ್ತೆಯ ಕೆಲಸ ಮಾಡುತ್ತೇನೆ. ತವರು ಕಂಪ್ಲಿ, ಗಂಡನ ಮನೆ ಹೊಸಪೇಟೆ. ಬೆಳಗಿನ ಐದಕ್ಕೆ ಕಂಪನಿಯ ಬಸ್ಸು ನಮ್ಮ ಓಣಿಯ ಮೂಲೆಗೆ ಬರುತ್ತದೆ, ಆರಕ್ಕೆ ಗುಡ್ಡದ ಮೇಲಿರುತ್ತೇನೆ, ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಯುತ್ತದೆ. ಈ ಎಂಟು ತಾಸಿನಲ್ಲಿ ನನ್ನ ಮುಖ್ಯ ಕೆಲಸ ಲಾಗ್‌ಬುಕ್ ಬರೆಯುವುದು. ಚಾಲಕ ಬಂದು ಗಾಡಿಗೆ ಏನಾಗಿದೆ ಎಂದು ಕನ್ನಡದಲ್ಲಿ ಹೇಳುತ್ತಾನೆ. ನಾನು ಅದನ್ನು ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಮೆಕ್ಯಾನಿಕ್ ಓದಿ, ಕೆಲಸ ಮಾಡಿ, ಕೆಳಗೆ ಸಹಿ ಹಾಕುತ್ತಾನೆ. ಹೇಳುವವನದು ಕನ್ನಡ, ಬರೆಯುವವಳದು ಕನ್ನಡ, ಓದುವವನದೂ ಕನ್ನಡ. ನಡುವೆ ಪುಸ್ತಕ ಮಾತ್ರ ಇಂಗ್ಲಿಷ್. ಯಾಕೆಂದು ಕೇಳಿದರೆ, ಹೆಡ್ ಆಫೀಸಿನವರು ಬೇರೆ ರಾಜ್ಯದವರು, ಅವರಿಗೆ ಓದಲು ಬರಬೇಕು ಎನ್ನುತ್ತಾರೆ. ಮೊದಲ ಆರು ವರ್ಷ ಅವರು ಅದನ್ನು ಓದಿದ್ದು ನನಗೆ ಗೊತ್ತಿಲ್ಲ. ಓದಿದ್ದು ಒಬ್ಬರ ಕಾಲು ಮುರಿದ ಮೇಲೆ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬಿ.ಕಾಂ. ಕಂಪ್ಲಿಯಲ್ಲೇ ಮುಗಿಸಿದೆ. ಇಂಗ್ಲಿಷ್ ಪರೀಕ್ಷೆ ಪಾಸಾಗುವಷ್ಟು ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದಾಗ ಹಳೆಯ ಗುಮಾಸ್ತರು ತಾವು ಬರೆದ ಪುಟಗಳನ್ನು ತೋರಿಸಿ, ‘ಇಷ್ಟ ನೋಡವಾ, ಭಾಳ ಬರಿಯೂದು ಬ್ಯಾಡ’ ಎಂದಿದ್ದರು. ಆಯಿಲ್ ಚೇಂಜ್. ಹಾರ್ನ್ ರಿಪೇರ್. ಕ್ಲಚ್ ಅಡ್ಜಸ್ಟ್. ಬ್ರೇಕ್ ಚೆಕ್. ಸಾಲಿಗೆ ಎರಡೇ ಪದ. ನನಗೂ ಅದೇ ಅನುಕೂಲವೆನಿಸಿತು. ವಾಕ್ಯ ಬರೆದರೆ ತಪ್ಪಾಗುತ್ತದೆ, ಎರಡು ಪದದಲ್ಲಿ ತಪ್ಪಾಗಲು ಜಾಗವೇ ಇಲ್ಲ ಎಂದುಕೊಂಡಿದ್ದೆ.

ನಮ್ಮ ಮಾತಿನಲ್ಲಿ ಇಂಗ್ಲಿಷ್ ಪದಕ್ಕೆ ಯಾವತ್ತೂ ‘ಮಾಡು’ ಜೊತೆಗಿರುತ್ತದೆ. ಚೆಕ್ ಮಾಡ್ರಿ ಅನ್ನುತ್ತೇವೆ, ಚೆಕ್ ಮಾಡೀನಿ ಅನ್ನುತ್ತೇವೆ, ಚೆಕ್ ಮಾಡಿಲ್ಲ ಅನ್ನುತ್ತೇವೆ. ಆಗಿದೆಯೋ ಆಗಬೇಕೋ ಎಂಬುದೆಲ್ಲ ಆ ಕನ್ನಡದ ತುಂಡಿನಲ್ಲಿ ಇರುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ನಾನು ಆ ತುಂಡನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತಿದ್ದೆ. ಆರು ವರ್ಷ ಹೀಗೆ ಬರೆದರೂ ಏನೂ ಆಗಿರಲಿಲ್ಲ. ಯಾಕೆಂದರೆ ಮಧ್ಯಾಹ್ನದ ಪಾಳಿಯ ಮೇಸ್ತ್ರಿ, ಅಂದರೆ ನಮ್ಮ ಹಿರಿಯ ಮೆಕ್ಯಾನಿಕ್, ಎರಡಕ್ಕೆ ಹತ್ತು ನಿಮಿಷವಿರುವಾಗಲೇ ಬರುತ್ತಿದ್ದರು. ನಾನು ಪುಟದ ಮೇಲೆ ಬೆರಳಿಟ್ಟು, ‘ಇದಾಗೈತ್ರಿ, ಇದಾಗಿಲ್ಲ, ಇದನ್ನ ಇವತ್ತ ನೋಡ್ರಿ’ ಎಂದು ಹೇಳಿ ಬಸ್ಸು ಹತ್ತುತ್ತಿದ್ದೆ. ಪುಸ್ತಕದಿಂದಲೇ ಕೆಲಸ ನಡೆಯುತ್ತಿದೆ ಎಂದು ನಾವೆಲ್ಲ ತಿಳಿದಿದ್ದೆವು.

ಹೋದ ವರ್ಷದ ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಚೋರನೂರಿನ ಚಾಲಕರೊಬ್ಬರು ಪಾಳಿ ಮುಗಿಸಿ ನನ್ನ ಕಿಟಕಿಗೆ ಬಂದರು. ಐವತ್ತು ದಾಟಿದ ಮನುಷ್ಯ. ನಾನು ಅವರಿಗೆ ಅಣ್ಣ ಎನ್ನುತ್ತಿದ್ದೆ, ಅವರು ನನಗೆ ತಂಗಿ ಎನ್ನುತ್ತಿದ್ದರು. ಗಾಡಿಯ ಬಗ್ಗೆ ಸುಮ್ಮಸುಮ್ಮನೆ ದೂರುವವರಲ್ಲ.

‘ತಂಗಿ, ಬ್ರೇಕಿನಾಗ ಏರ್ ನಿಲ್ಲವಲ್ದು. ಇಳಿಜಾರಿನಾಗ ಎಲ್ಡು ಸಲ ತುಳಿದ ಮ್ಯಾಲ ಹಿಡಿಯಾಕತ್ತೈತಿ. ಇವತ್ತ ನೋಡಾಕ ಹೇಳು.’

‘ಬರೀತೀನಿ ಅಣ್ಣ,’ ಎಂದೆ. ಬರೆದೆ. ಗಾಡಿಯ ನಂಬರು, ಅದರ ಮುಂದೆ ಬ್ರೇಕ್ ಚೆಕ್.

ಆ ದಿನ ಮೇಸ್ತ್ರಿ ಹೊತ್ತಿಗೆ ಬರಲಿಲ್ಲ. ಅವರ ಊರು ಮರಿಯಮ್ಮನಹಳ್ಳಿ. ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತು ಬಸ್ಸು ಸಿಕ್ಕಿಹಾಕಿಕೊಂಡಿದೆ ಎಂದು ಫೋನು ಮಾಡಿದ್ದರು. ನಮ್ಮ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಎಲ್ಲಾ ಬರೆದಿದೆಯಲ್ಲ ಎಂದು ಪುಸ್ತಕವನ್ನು ತೆರೆದಿಟ್ಟು ನಾನು ಹೊರಟೆ.

ಮರುದಿನ ಆರು ಗಂಟೆಗೆ ಬಂದು ನೋಡಿದರೆ ಆ ಸಾಲಿನ ಕೆಳಗೆ ಮೇಸ್ತ್ರಿಯ ಸಹಿ ಇತ್ತು. ಅಣ್ಣ ಕಿಟಕಿಗೆ ಬಂದು, ‘ಬ್ರೇಕ್ ಆತೇನು ತಂಗಿ?’ ಎಂದರು. ನಾನು ಪುಟ ನೋಡಿದೆ. ಬ್ರೇಕ್ ಚೆಕ್, ಕೆಳಗೆ ಸಹಿ.

‘ಆಗೈತಿ ಅಣ್ಣ, ಸಹಿ ಮಾಡ್ಯಾರ ನೋಡು,’ ಎಂದೆ.

ಒಂಬತ್ತೂವರೆಗೆ ಸುದ್ದಿ ಬಂತು. ತುಂಬಿದ ಗಾಡಿ ಇಳಿಜಾರಿನಲ್ಲಿ ನಿಲ್ಲಲಿಲ್ಲ. ಮುಂದೆ ಇನ್ನೊಂದು ಟಿಪ್ಪರ್ ಇತ್ತು. ಅಣ್ಣ ಸ್ಟೇರಿಂಗ್ ತಿರುಗಿಸಿ ಗಾಡಿಯನ್ನು ರಸ್ತೆಯ ಅಂಚಿನ ಮಣ್ಣಿನ ದಿಬ್ಬಕ್ಕೆ ಒತ್ತಿಸಿದ್ದರು. ಗಾಡಿ ಅರ್ಧ ವಾಲಿ ನಿಂತಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಅಣ್ಣನ ಬಲಗಾಲು ಒಳಗೆ ಸಿಕ್ಕಿಕೊಂಡು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಅವರನ್ನು ಜೀಪಿನಲ್ಲಿ ಇಳಿಸಿಕೊಂಡು ಹೋಗುವಾಗ ಜೀಪು ವರ್ಕ್‌ಶಾಪಿನ ಮುಂದೆಯೇ ಹಾದು ಹೋಯಿತು. ನಾನು ಹೊರಗೆ ಬರಲಿಲ್ಲ. ಬರಬೇಕಿತ್ತು.

ಮೂರನೆಯ ದಿನ ಮ್ಯಾನೇಜರರ ಕೋಣೆಗೆ ಕರೆಸಿದರು. ಮ್ಯಾನೇಜರು ಬಳ್ಳಾರಿಯವರು. ಚಹಾ ಕುಡಿಯುವಾಗ ನಮ್ಮ ಹಾಗೆಯೇ ಮಾತಾಡುತ್ತಾರೆ, ಮೀಟಿಂಗಿನಲ್ಲಿ ಮಾತ್ರ ಇಂಗ್ಲಿಷ್. ಅವತ್ತು ಎರಡೂ ಬೆರೆಸಿ ಮಾತಾಡಿದರು. ಮೇಜಿನ ಮೇಲೆ ಲಾಗ್‌ಬುಕ್ ತೆರೆದಿತ್ತು. ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದರು, ನನ್ನ ಕಡೆ ನೋಡಲಿಲ್ಲ.

‘ಇಲ್ಲಿ ಸಹಿ ಯಾಕ ಮಾಡೀರಿ?’ ಎಂದು ಮೇಸ್ತ್ರಿಯನ್ನು ಕೇಳಿದರು.

‘ಬ್ರೇಕ್ ಚೆಕ್ ಅಂತ ಬರದಾರಲ್ರಿ ಸರ್. ಮುಂಜಾನಿ ಪಾಳಿಯವ್ರು ಚೆಕ್ ಮಾಡ್ಯಾರ ಅಂತ ತಿಳಕಂಡೆ. ಬರದದ್ದು ನೋಡೀನಿ ಅಂತ ಸಹಿ ಹಾಕಿದೆ.’

‘ನಾನು ಚೆಕ್ ಮಾಡ್ರಿ ಅಂತ ಬರದಿದ್ದೆ ಸರ್,’ ಎಂದೆ.

‘ಮಾಡ್ರಿ ಎಲ್ಲೈತಿ ಇಲ್ಲಿ?’ ಎಂದು ಮ್ಯಾನೇಜರು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

ಆ ಪುಟವನ್ನು ನಾನು ಅವತ್ತು ಮೊದಲ ಸಲ ಓದಿದೆ ಅನ್ನಬೇಕು. ಅದೇ ಪುಟದಲ್ಲಿ ಆಯಿಲ್ ಚೇಂಜ್ ಎಂದಿತ್ತು. ಅದು ಬೆಳಿಗ್ಗೆಯೇ ಆಗಿತ್ತು. ಅದರ ಕೆಳಗೆ ಟೈರ್ ಚೇಂಜ್. ಅದು ಆಗಿರಲಿಲ್ಲ, ಆಗಬೇಕಿತ್ತು. ಹಾರ್ನ್ ರಿಪೇರ್ ಆಗಿತ್ತು, ಸೀಟ್ ರಿಪೇರ್ ಆಗಬೇಕಿತ್ತು. ಎಲ್ಲವೂ ನನ್ನದೇ ಅಕ್ಷರ, ಒಂದೇ ಪೆನ್ನು, ಒಂದೇ ತರಹ. ಆಗಿದ್ದಕ್ಕೂ ಆಗಬೇಕಾದ್ದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಹಿಂದಿನ ಪುಟ ತಿರುವಿದೆ, ಅಲ್ಲೂ ಹಾಗೆಯೇ. ಆರು ವರ್ಷದ ಪುಸ್ತಕಗಳೆಲ್ಲ ಹಾಗೆಯೇ ಇರುತ್ತವೆ.

ಮ್ಯಾನೇಜರು ಲಿಖಿತ ವಿವರಣೆ ಕೇಳಿದರು. ಇಂಗ್ಲಿಷಿನಲ್ಲಿ.

ಅವತ್ತು ಸಂಜೆ ಅಡಿಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಮೊದಲು ಕನ್ನಡದಲ್ಲಿ ಬರೆದೆ. ಹತ್ತು ನಿಮಿಷದಲ್ಲಿ ಮುಗಿಯಿತು. ಚಾಲಕರು ಏನು ಹೇಳಿದರು, ನಾನು ಏನು ಬರೆದೆ, ಮೇಸ್ತ್ರಿ ಬರುವ ಮೊದಲೇ ಯಾಕೆ ಹೊರಟೆ, ಮರುದಿನ ಏನು ತಿಳಿದು ಏನು ಹೇಳಿದೆ. ಎಲ್ಲಾ ಇತ್ತು, ನನ್ನ ತಪ್ಪೂ ಇತ್ತು. ಅದನ್ನೇ ಇಂಗ್ಲಿಷಿಗೆ ತರಲು ಕುಳಿತರೆ ಅನ್ನ ಬೆಂದು, ಆರಿ, ಎಲ್ಲರ ಊಟ ಮುಗಿದರೂ ನಾಲ್ಕು ಸಾಲು ದಾಟಲಿಲ್ಲ. ‘ಹೇಳಿದರು’ ಎನ್ನುವುದಕ್ಕೇ ಸಿಕ್ಕಿಕೊಂಡೆ. ಟೋಲ್ಡ್ ಎಂದರೆ ಮಕ್ಕಳು ಬರೆದಂತೆ ಕಾಣುತ್ತದೆ, ಆಫೀಸಿಗೆ ದೊಡ್ಡ ಪದ ಬೇಕು ಅನ್ನಿಸಿತು. ಸರ್ಕ್ಯುಲರುಗಳಲ್ಲಿ ಅಡ್ವೈಸ್ಡ್ ಎಂಬ ಪದ ನೋಡಿದ್ದೆ. ಅದನ್ನೇ ಹಾಕಿದೆ, ಸ್ಪೆಲಿಂಗ್ ನೆನಪಿದ್ದಂತೆ. ‘ಅವಸರದಲ್ಲಿ ಹೊರಟೆ’ ಎನ್ನುವುದನ್ನು ಹೇಗೆ ಹೇಳಬೇಕೆಂದು ಬಗೆಹರಿಯದೆ ಬಿಟ್ಟೆ. ‘ನೋಡದೆ ಹೇಳಿದೆ’ ಎನ್ನುವುದನ್ನೂ ಬಿಟ್ಟೆ. ಬರೆಯಲು ಬಂದದ್ದಷ್ಟೇ ಉಳಿಯಿತು. ಕನ್ನಡದ ಹಾಳೆಯಲ್ಲಿದ್ದ ಹೆಂಗಸು ತನ್ನ ತಪ್ಪನ್ನು ಒಪ್ಪಿಕೊಂಡಿದ್ದಳು. ಇಂಗ್ಲಿಷಿನ ಹಾಳೆಯಲ್ಲಿದ್ದವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎನ್ನುವಂತಿತ್ತು.

ಎರಡು ದಿನದ ನಂತರ ಮ್ಯಾನೇಜರು ಕರೆದು ಆ ಹಾಳೆ ಮುಂದಿಟ್ಟರು. ಅಡ್ವೈಸ್ಡ್ ಎನ್ನುವುದರ ಸುತ್ತ ಕೆಂಪು ಸುತ್ತು ಹಾಕಿದ್ದರು.

‘ಇದಕ್ಕ ಸಿ ಹಾಕಿದ್ರ ನೌನ್ ಆಗತೈತಿ. ವರ್ಬಿಗೆ ಎಸ್ ಬರಬೇಕು. ಡಿಗ್ರಿ ಮಾಡೀರಿ, ಇಷ್ಟ ಗೊತ್ತಿಲ್ಲೇನ್ರಿ?’

‘ಉಳಿದದ್ದು, ಸರ್?’

‘ಉಳಿದದ್ದೇನು?’

‘ನಡೆದದ್ದು.’

‘ಅದನ್ನ ಹೆಡ್ ಆಫೀಸಿನವರು ನೋಡ್ತಾರ. ನಿಮ್ಮನ್ನ ಇಂಗ್ಲಿಷ್ ಟ್ರೇನಿಂಗಿಗೆ ಹಾಕೀನಿ. ಎಲ್ಡು ದಿನ. ಹೋಗಿ ಬರ್ರಿ.’

ಒಬ್ಬ ಮನುಷ್ಯನ ಕಾಲು ಮುರಿದಿದೆ. ನಾನು ಕೊಟ್ಟ ಹಾಳೆಯಲ್ಲಿ ಇವರಿಗೆ ಕಂಡದ್ದು ಸಿ ಅಕ್ಷರ. ಬಸ್ಸಿನಲ್ಲಿ ಹೊಸಪೇಟೆಯವರೆಗೂ ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಪಕ್ಕದವರು ಹಲ್ಲುನೋವೇ ಎಂದು ಕೇಳಿದರು.

ಟ್ರೇನಿಂಗ್ ನಡೆದದ್ದು ಹಂಪಿಗೆ ಹೋಗುವ ದಾರಿಯ ಹೋಟೆಲೊಂದರ ಹಾಲಿನಲ್ಲಿ. ಬೇರೆ ಬೇರೆ ಸೈಟುಗಳ ಗುಮಾಸ್ತರು, ಸ್ಟೋರಿನವರು, ಒಟ್ಟು ಹನ್ನೆರಡು ಜನ. ಕಲಿಸಲು ಬಂದಿದ್ದವರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಳ್ಳೆಯವರು, ನಗುಮುಖ. ವಾಟರ್ ಎನ್ನುವುದು ನಾಮಪದ, ಗಿಡಕ್ಕೆ ನೀರು ಹಾಕುವಾಗ ಅದೇ ಕ್ರಿಯಾಪದ. ಬುಕ್ ನಾಮಪದ, ಟಿಕೆಟ್ ಬುಕ್ ಮಾಡುವಾಗ ಕ್ರಿಯಾಪದ. ಕಂಪ್ಲೇಂಟ್ ನಾಮಪದ, ಕ್ರಿಯಾಪದವಾಗಬೇಕಾದರೆ ಕೊನೆಯ ಟಿ ಬಿಡಬೇಕು. ಒಂದೊಂದು ಪದಕ್ಕೂ ಎರಡೆರಡು ವಾಕ್ಯ ಬರೆಸಿದರು. ನಾನು ಶ್ರದ್ಧೆಯಿಂದ ಬರೆದೆ. ಸಿಟ್ಟಿನಲ್ಲಿದ್ದರೂ ಕಲಿಯಬೇಕೆಂಬ ಆಸೆ ಇತ್ತು, ಸುಳ್ಳು ಹೇಳಲಾರೆ.

ಎರಡನೆಯ ದಿನ ಮಧ್ಯಾಹ್ನ ಮುಗಿಸುವಾಗ ಪ್ರಶ್ನೆಗಳಿದ್ದರೆ ಕೇಳಿ ಎಂದರು. ನಾನು ಎದ್ದು ನಿಂತೆ.

‘ಮೇಡಂ, ಬ್ರೇಕ್ ಚೆಕ್ ಅಂತ ಬರದ್ರ ಚೆಕ್ ಅನ್ನೋದು ನೌನೋ ವರ್ಬೋ?’

ಅವರು ಬೋರ್ಡಿನ ಮೇಲೆ ಬರೆದುಕೊಂಡರು, ತುಸು ಹೊತ್ತು ನೋಡಿದರು. ‘ಎರಡೂ ಆಗಬಹುದು. ಇಲ್ಲಿ ನೌನ್ ಥರಾ ಇದೆ. ಕಾಂಟೆಕ್ಸ್ಟ್ ನೋಡಿ ತಿಳ್ಕೋಬೇಕಾಗುತ್ತೆ.’

‘ಬರದಾಕಿ ಎಲ್ಡು ಗಂಟೆಗೆ ಬಸ್ ಹತ್ತಿರ್ತಾಳ್ರಿ ಮೇಡಂ. ಓದಾಂವ ಮೂರಕ್ಕ ಬರ್ತಾನ. ಕಾಂಟೆಕ್ಸ್ಟ್ ಯಾರ ಕಡಿ ಇರತೈತಿ?’

ಹಾಲಿನಲ್ಲಿದ್ದವರು ನಕ್ಕರು. ಟ್ರೇನರೂ ನಕ್ಕು, ‘ತುಂಬಾ ಒಳ್ಳೆ ಪ್ರಶ್ನೆ’ ಎಂದರು. ಆಮೇಲೆ ಊಟಕ್ಕೆ ಬಿಟ್ಟರು. ನಾನು ತಮಾಷೆಗೆ ಕೇಳಿರಲಿಲ್ಲ.

ಊಟವಾದ ಮೇಲೆ ಎಲ್ಲರೂ ಹಂಪಿ ನೋಡಿ ಬರೋಣ ಎಂದು ಹೊರಟರು. ನಾನೂ ಹೋದೆ. ದೇವಸ್ಥಾನದ ಬೀದಿಯಲ್ಲಿ ಆಟೋದವನೊಬ್ಬ ವಿದೇಶದ ಗಂಡಹೆಂಡತಿಯನ್ನು ನಿಲ್ಲಿಸಿಕೊಂಡು ಮಾತಾಡುತ್ತಿದ್ದ. ‘ಫಸ್ಟ್ ಟೆಂಪಲ್ ಸೀ. ದೆನ್ ರಿವರ್ ಗೋ. ಸನ್‌ಸೆಟ್ ಮೌಂಟನ್ ಕ್ಲೈಂಬ್. ಐ ವೇಟ್ ಹಿಯರ್.’ ಒಂದು ಮಾತಿಗೂ ಸರಿಯಾದ ಹಿಂದುಮುಂದು ಇರಲಿಲ್ಲ. ಆದರೆ ಅವನು ಕೈಯಿಂದ ತೋರಿಸುತ್ತಿದ್ದ, ಅವರು ಅರ್ಥವಾಗದ್ದನ್ನು ಕೇಳುತ್ತಿದ್ದರು, ಅವನು ಮತ್ತೆ ತೋರಿಸುತ್ತಿದ್ದ. ಎರಡು ನಿಮಿಷದಲ್ಲಿ ಆಟೋ ಹೊರಟಿತು. ಆಟೋ ಹೋದ ದಾರಿಯನ್ನು ನೋಡುತ್ತ ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅವನ ಇಂಗ್ಲಿಷ್ ನನ್ನದಕ್ಕಿಂತ ಕೆಟ್ಟದ್ದು. ಆದರೆ ಅವನು ಮಾತಿನ ಜೊತೆ ಅಲ್ಲೇ ನಿಂತಿದ್ದ.

ಅದರ ಮುಂದಿನ ಭಾನುವಾರ ಚೋರನೂರಿಗೆ ಹೋದೆ. ಅಷ್ಟು ದಿನ ಹೋಗಲು ಧೈರ್ಯ ಸಾಲದೆ ಮುಂದೂಡಿದ್ದೆ. ಗಂಡ ಜೊತೆಗೆ ಬರುತ್ತೇನೆಂದರು, ಬೇಡವೆಂದೆ. ಅಣ್ಣ ಮನೆಯ ಮುಂದಿನ ಜಗುಲಿಯಲ್ಲಿ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರು. ಕಾಲಿಗೆ ರಾಡು ಹಾಕಿದ್ದರು. ಅವರ ಹೆಂಡತಿ ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದವರು ನನ್ನನ್ನು ಕಂಡು ಎದ್ದು ನಿಂತರು. ಕುಂದ್ರು ಅನ್ನಲಿಲ್ಲ.

‘ಪುಸ್ತಕದಾಗ ಬರದಾಕಿ ನೀನ ಏನವಾ?’

‘ಹೂಂ ಅಕ್ಕಾ.’

‘ಏನ್ ಬರದಿದ್ದಿ?’

ಬ್ರೇಕ್ ನೋಡಲು ಬರೆದಿದ್ದೆ, ಅವರು ನೋಡಿದ್ದಾರೆ ಎಂದು ಓದಿಕೊಂಡರು, ಇಂಗ್ಲಿಷಿನಲ್ಲಿ ಎರಡೂ ಒಂದೇ ತರಹ ಇರುತ್ತದೆ ಎಂದು ಹೇಳತೊಡಗಿದೆ. ನೌನ್, ವರ್ಬ್ ಎಂದೆಲ್ಲ ಹೇಳಿದೆ. ಕನ್ನಡದಲ್ಲಿ ಬರೆಯಲು ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತ್ತು. ಆ ಮನೆಯ ಜಗುಲಿಯಲ್ಲಿ ನಿಂತು ನಾನು ಹೆಡ್ ಆಫೀಸಿನ ಮೇಲೆ ಜಗಳ ಕಾಯುತ್ತಿದ್ದೆ.

ಅಣ್ಣ ಅಷ್ಟೂ ಕೇಳಿ, ‘ತಂಗಿ, ನಾನು ಪುಸ್ತಕ ಓದಿಲ್ಲವಾ,’ ಎಂದರು. ‘ನನಗ ಓದಾಕ ಬರಂಗಿಲ್ಲ. ನಾನು ನಿನ್ನ ಕೇಳಿದೆ. ನೀನು ಆಗೈತಿ ಅಂದಿ. ಅದು ಕನ್ನಡದಾಗನ ಇತ್ತಲ್ಲ?’

ಬೈಯುವ ದನಿ ಇರಲಿಲ್ಲ. ಕೇಳಿದರು ಅಷ್ಟೇ.  ಆಗೈತಿ. ಹೌದು, ನಾನೇ ಅಂದಿದ್ದೆ. ಅದರಲ್ಲಿ ನೌನು ವರ್ಬಿನ ಗೊಂದಲ ಇರಲಿಲ್ಲ. ಸಹಿ ನೋಡಿದ್ದೆ, ಬ್ರೇಕು ನೋಡಿರಲಿಲ್ಲ, ನೋಡಿದವರನ್ನು ಕೇಳಿರಲಿಲ್ಲ. ತಪ್ಪಾಯಿತು ಅಣ್ಣ ಎಂದೆ. ಅವರು ತಲೆಯಾಡಿಸಿದರು. ಅಕ್ಕ ಒಳಗೆ ಹೋಗಿ ನೀರು ತಂದುಕೊಟ್ಟರು. 

ಮರಳಿ ಬರುವಾಗ ದಾರಿಯುದ್ದಕ್ಕೂ ಇನ್ನು ಮುಂದೆ ಪೂರ್ತಿ ವಾಕ್ಯ ಬರೆಯಬೇಕು ಎಂದು ನಿಶ್ಚಯಿಸಿಕೊಂಡೆ. ಟ್ರೇನಿಂಗಿನ ನೋಟ್ಸ್ ಪಕ್ಕಕ್ಕಿಟ್ಟುಕೊಂಡು ಸೋಮವಾರದಿಂದ ಹಾಗೆಯೇ ಬರೆದೆ. ಬ್ರೇಕ್ ಈಸ್ ಟು ಬಿ ಚೆಕ್ಡ್. ಆಯಿಲ್ ಹ್ಯಾಸ್ ಬೀನ್ ಚೇಂಜ್ಡ್. ಪ್ರತಿ ಸಾಲನ್ನೂ ಎರಡು ಸಲ ಓದಿ ನೋಡುತ್ತಿದ್ದೆ. ಈಗ ಯಾರಿಗೂ ತಪ್ಪು ತಿಳಿಯುವ ದಾರಿಯೇ ಇಲ್ಲ ಎಂದು ಒಳಗೊಳಗೆ ಹೆಮ್ಮೆಯೂ ಇತ್ತು.

ಮೇಸ್ತ್ರಿ ಮತ್ತು ನಾನು ವಿಚಾರಣೆಯ ದಿನದಿಂದ ಮಾತು ಬಿಟ್ಟಿದ್ದೆವು. ಅವರು ಬರುತ್ತಿದ್ದರು, ನಾನು ಪುಸ್ತಕ ಮುಂದಕ್ಕೆ ತಳ್ಳುತ್ತಿದ್ದೆ. ಪೂರ್ತಿ ವಾಕ್ಯ ಬರೆಯತೊಡಗಿ ಹದಿನೈದು ದಿನವಾದ ಮೇಲೆ ಒಂದು ಮಧ್ಯಾಹ್ನ ಅವರು ಪುಸ್ತಕ ನೋಡುತ್ತ ನಿಂತೇ ಇದ್ದರು. ಸುತ್ತ ಯಾರೂ ಇರಲಿಲ್ಲ.

‘ಮೇಡಂ, ಒಂದ್ ಮಾತು ಹೇಳ್ತೀನಿ, ಯಾರಿಗೂ ಹೇಳಬ್ಯಾಡ್ರಿ.’

‘ಹೇಳ್ರಿ.’

‘ಮೊದಲು ಸಾಲಿಗೆ ಎಲ್ಡು ಪದ ಇರ್ತಿದ್ವು. ಈಗ ಐದಾರು ಅದಾವ. ನನಗ ಓದಾಕ ಬರೋದು ಮಾತ್ರ ಮೊದಲಿನ ಎಲ್ಡ ರೀ. ಬ್ರೇಕ್ ಅನ್ನೋದು ಗುರ್ತು ಹಿಡಿತೀನಿ, ಚೆಕ್ ಅನ್ನೋದು ಹಿಡಿತೀನಿ. ನಡುವಿನವು ಏನಂತ ತಿಳಿಯಂಗಿಲ್ಲ. ಏಳನೇತ್ತಕ್ಕ ಸಾಲಿ ಬಿಟ್ಟಾಂವ ನಾನು.’

ನಾನು ಪೆನ್ನು ಕೆಳಗಿಟ್ಟೆ. ಎರಡು ದಿನದ ಟ್ರೇನಿಂಗು, ವಾರಗಟ್ಟಲೆ ಎರಡೆರಡು ಸಲ ಓದಿ ತಿದ್ದಿದ ಸಾಲುಗಳು, ಎಲ್ಲ ಈ ಮನುಷ್ಯನಿಗೆ ಮತ್ತೆ ಬ್ರೇಕ್ ಚೆಕ್ ಎಂದೇ ಕಾಣುತ್ತಿದ್ದವು. ನನಗೆ ಅವರ ಮೇಲೆ ಸಿಟ್ಟು ಬಂತು, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು. ಕೇಳಿಯೂ ಬಿಟ್ಟೆ.

‘ಹೆಂಗ ಹೇಳಲ್ರೀ? ನೀವು ಬಾಯಿಲೆ ಹೇಳ್ತಿದ್ರಿ, ನಡೀತಿತ್ತು. ಇಂಗ್ಲಿಷ್ ಓದಾಕ ಬರಂಗಿಲ್ಲ ಅಂದ್ರ ಇವನ್ಯಾತರ ಮೇಸ್ತ್ರಿ ಅಂತಾರ. ಕೆಲಸದಾಗ ನನ್ನ ಹಿಡಿಯಾಂವ ಇಲ್ಲ. ಆ ಪುಸ್ತಕ ಕಂಡ್ರ ಮಾತ್ರ ಕೈಕಾಲು ಆಡಂಗಿಲ್ಲ.’

ಆ ಮಾತು ಕೇಳಿದ ಮೇಲೆ ಸಿಟ್ಟು ಅವರ ಮೇಲೆ ನಿಲ್ಲಲಿಲ್ಲ. ವಿವರಣೆ ಬರೆಯಲು ಕುಳಿತಾಗ ನನಗೂ ಹಾಗೇ ಆಗಿತ್ತು.

ಮರುದಿನದಿಂದ ಇಂಗ್ಲಿಷ್ ಸಾಲಿನ ಪಕ್ಕದಲ್ಲಿ ಕನ್ನಡದಲ್ಲಿ ಒಂದೊಂದು ಪದ ಬರೆದೆ. ‘ಮಾಡಬೇಕು’ ಅಥವಾ ‘ಮಾಡಿದೆ’. ಮೇಸ್ತ್ರಿ ಅದರ ಮುಂದೆ ‘ನಾನು ನೋಡಿದೆ’ ಎಂದು ತಾವೇ ಬರೆಯತೊಡಗಿದರು. ದಪ್ಪ ಅಕ್ಷರ, ಒತ್ತಿ ಬರೆಯುತ್ತಿದ್ದರು, ಹಿಂದಿನ ಹಾಳೆಗೆ ಮೂಡುತ್ತಿತ್ತು. ಬೆಳಿಗ್ಗೆ ನಾನು ಬಂದ ಕೂಡಲೇ ಆ ಎರಡು ಶಬ್ದ ಇದೆಯೋ ಇಲ್ಲವೋ ನೋಡುತ್ತಿದ್ದೆ. ಇಲ್ಲದಿದ್ದರೆ ಗಾಡಿ ಬಿಡುತ್ತಿರಲಿಲ್ಲ, ಮೇಸ್ತ್ರಿಗೆ ಫೋನು ಮಾಡಿ ಎಬ್ಬಿಸುತ್ತಿದ್ದೆ. ಚಾಲಕರು ಗೊಣಗಿದರೂ ಕಾಯುತ್ತಿದ್ದರು.

ಒಂದು ತಿಂಗಳು ನಡೆಯಿತು. ತಿಂಗಳ ಕೊನೆಗೆ ಪುಸ್ತಕವನ್ನು ಸ್ಕ್ಯಾನ್ ಮಾಡಿ ಕಳಿಸಬೇಕೆಂಬ ಹೊಸ ನಿಯಮ ಬಂದಿತ್ತು. ಮ್ಯಾನೇಜರು ಪುಟಗಳನ್ನು ನೋಡಿ ನನ್ನನ್ನು ಕರೆದರು.

‘ಇದೇನ್ರಿ, ಗೋಡಿ ಮ್ಯಾಲ ಬರದಂಗ ಬರದೀರಿ? ಲೋಕಲ್ ಲ್ಯಾಂಗ್ವೇಜ್ ಬ್ಯಾಡ ಅಂತ ರೂಲ್ ಐತಿ.’

‘ಸರ್, ಮೇಸ್ತ್ರಿಗಳಿಗೆ ತಿಳೀಲಿ ಅಂತ.’

‘ನೀವು ಸರಿಯಾಗಿ ಇಂಗ್ಲಿಷ್ ಬರದ್ರ ತಿಳೀತೈತಿ. ಅದಕ್ಕ ಟ್ರೇನಿಂಗ್ ಕೊಡಸಿದ್ದು.’

ಮೇಸ್ತ್ರಿಗೆ ಮಾತು ಕೊಟ್ಟಿದ್ದೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಹೇಳುವಂತಿರಲಿಲ್ಲ. ‘ಸರ್, ಒಂದು ಸಲ ಆಗಿದ್ದು ಸಾಲದೇನ್ರಿ?’ ಎಂದುಬಿಟ್ಟೆ. ದನಿ ಗಟ್ಟಿಯಾಗಿತ್ತು. ಹೊರಗಿದ್ದವರು ತಿರುಗಿ ನೋಡಿದರು. ಮ್ಯಾನೇಜರು ಪುಸ್ತಕ ಮುಚ್ಚಿಟ್ಟು, ‘ನನಗೂ ಮ್ಯಾಲಿನವರು ಅದಾರ ರೀ’ ಎಂದರು. ಆ ಪುಟಗಳನ್ನು ಬೇರೆ ಪುಸ್ತಕದಲ್ಲಿ ಮತ್ತೆ ಬರೆದುಕೊಡಲು ಹೇಳಿದರು. ಇಂಗ್ಲಿಷ್ ಮಾತ್ರ.

ಒಂದು ತಿಂಗಳ ಪುಟಗಳನ್ನು ನಾಲ್ಕು ದಿನ ಕುಳಿತು ನಕಲು ಮಾಡಿದೆ. ‘ನಾನು ನೋಡಿದೆ’ ಇದ್ದಲ್ಲೆಲ್ಲ ಚೆಕ್ಡ್ ಎಂದು ಬರೆಯುತ್ತ ಹೋದೆ. ಆಮೇಲೆ ಬಜಾರಿನಿಂದ ದಪ್ಪ ರಟ್ಟಿನ ಒಂದು ನೋಟ್‌ಬುಕ್ ತಂದೆ. ಅದು ಕನ್ನಡದ್ದು, ಕೆಲಸಕ್ಕೆ. ಲಾಗ್‌ಬುಕ್ ಇಂಗ್ಲಿಷಿನದು, ಕಳಿಸುವುದಕ್ಕೆ. ಈಗಲೂ ಎರಡನ್ನೂ ಬರೆಯುತ್ತೇನೆ. ಒಂದೇ ಮಾತನ್ನು ದಿನಕ್ಕೆ ಎರಡು ಸಲ. ಮ್ಯಾನೇಜರಿಗೆ ಗೊತ್ತಿದೆ, ಕಂಡೂ ಕಾಣದಂತೆ ಇದ್ದಾರೆ. ಮೊನ್ನೆ ಹೆಡ್ ಆಫೀಸಿನಿಂದ ಮೇಲ್ ಬಂತು. ನಮ್ಮ ಸೈಟಿನ ಲಾಗ್‌ಬುಕ್ಕಿನ ಭಾಷೆ ಬಹಳ ಸುಧಾರಿಸಿದೆ, ಟ್ರೇನಿಂಗ್ ಫಲ ಕೊಟ್ಟಿದೆ ಎಂದು. ಮ್ಯಾನೇಜರು ಅದನ್ನು ಪ್ರಿಂಟ್ ತೆಗೆಸಿ ನನಗೊಂದು ಪ್ರತಿ ಕೊಟ್ಟರು. ಸಂತೋಷಪಡಬೇಕೆಂದು ಅವರ ಇಚ್ಛೆ. ನಾನು ಅದನ್ನು ಮಡಚಿ ಡ್ರಾಯರಿಗೆ ತುರುಕಿದೆ.

ಅದೇ ದಿನ ಅಪಘಾತದ ವರದಿಯೂ ಬಂದಿತ್ತು. ಕೇಳಿ ತೆಗೆದುಕೊಂಡು ನೋಡಿದೆ. ಕಾರಣ ಎಂಬಲ್ಲಿ ಕಮ್ಯುನಿಕೇಷನ್ ಗ್ಯಾಪ್ ಎಂದಿತ್ತು. ಅಷ್ಟೇ. ಎರಡು ಪದ, ಕ್ರಿಯಾಪದವಿಲ್ಲ. ಯಾರು ಬರೆದರು, ಯಾರು ಓದಲಿಲ್ಲ, ಯಾರು ನೋಡದೆ ಆಗೈತಿ ಎಂದರು, ಯಾರು ಪುಸ್ತಕ ಇಂಗ್ಲಿಷಿನಲ್ಲೇ ಇರಬೇಕೆಂದರು, ಒಂದೂ ಇರಲಿಲ್ಲ.

‘ಯಾರ ಹೆಸರೂ ಬಂದಿಲ್ಲ, ಬಿಡ್ರಿ, ಚಲೋ ಆತು,’ ಎಂದರು ಮ್ಯಾನೇಜರು.

ನನ್ನ ಹೆಸರು ಇಲ್ಲದ್ದನ್ನು ಕಂಡು ಒಂದು ಕ್ಷಣ ನನಗೂ ಹಗುರವೆನಿಸಿತು. ಅದನ್ನು ಬರೆಯದಿದ್ದರೆ ಈ ಬರಹವೂ ಆ ವಿವರಣೆಯ ಹಾಳೆಯಂತೆ ಆಗುತ್ತದೆ.

ಅಣ್ಣ ಈಗ ಟಿಪ್ಪರ್ ಓಡಿಸುವುದಿಲ್ಲ. ಕಾಲು ಪೂರ್ತಿ ಮಡಚುವುದಿಲ್ಲ. ಕಂಪನಿಯವರು ಗೇಟಿನಲ್ಲಿ ಕೂರುವ ಕೆಲಸ ಕೊಟ್ಟಿದ್ದಾರೆ. ಗಾಡಿ ಬಂದಾಗ ಎದ್ದು ಅಡ್ಡಗಂಬ ಎತ್ತಬೇಕು. ಅವತ್ತು ಪಾಳಿ ಮುಗಿಸಿ ಹೊರಡುವಾಗ ಅವರ ಪಕ್ಕ ನಿಂತು ವರದಿಯ ವಿಷಯ ಹೇಳಿದೆ.

‘ಏನಂತ ಬರದಾರ?’

‘ಮಾತಿನಾಗ ಹೆಚ್ಚುಕಡಿಮಿ ಆತು ಅಂತ ಬರದಾರ ಅಣ್ಣ.’

‘ನನ್ನ ಕಾಲಿಂದು?’

‘ಐತಿ. ಒನ್ ಇಂಜುರಿ ಅಂತ.’

‘ಹಂಗಂದ್ರ?’

‘ಒಬ್ಬರಿಗೆ ಪೆಟ್ಟಾತು ಅಂತ.’

 ಅಷ್ಟರಲ್ಲಿ ತುಂಬಿದ ಗಾಡಿಯೊಂದು ಬಂದು ಹಾರ್ನ್ ಹೊಡೆಯಿತು. ಅಣ್ಣ ಕುರ್ಚಿಯ ತೋಳು ಹಿಡಿದು ನಿಧಾನವಾಗಿ ಎದ್ದರು. ಗಂಬ ಎತ್ತಲು ನಾನು ಕೈ ಹಾಕಿದರೆ, ‘ಬಿಡವಾ, ನನ್ನ ಕೆಲಸ,’ ಎಂದು ತಾವೇ ಎತ್ತಿದರು.